ಕಾಲು ಮುಂದಾಗಿ ಹುಟ್ಟಿದವಳ ಬೆನ್ನು

ಮದುವೆಮನೆಗಳಲ್ಲಿ ನಾನು ಗೋಡೆಗೆ ಬೆನ್ನು ಹಚ್ಚಿಯೇ ನಿಲ್ಲುತ್ತೇನೆ. ಅಕ್ಕಿಕಾಳು ಹಾಕಲು ಎಲ್ಲರೂ ಮುಂದೆ ನುಗ್ಗಿದರೂ ನಾನು ನಿಂತಲ್ಲಿಂದಲೇ ಎಸೆಯುತ್ತೇನೆ. ಆ ಕಾಳು ಅರ್ಧ ದಾರಿಗೇ ಬಿದ್ದು ಯಾರ ತಲೆಗೂ ಮುಟ್ಟುವುದಿಲ್ಲ. ಬೈಲಹೊಂಗಲದ ನಮ್ಮ ಓಣಿಯ ಹೆಂಗಸರು ಇದನ್ನು ಸೊಕ್ಕು ಎಂದು ತಿಳಿದಿದ್ದಾರೆ. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೇನೆ. ಗೂನಿಯವಳು ಎನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಎನ್ನಿಸಿಕೊಳ್ಳುವುದು ಮೇಲು. ನಿಜ ಹೇಳಬೇಕೆಂದರೆ ನನ್ನ ಬೆನ್ನಿನ ಬಾಗು ಅಂಥ ದೊಡ್ಡದೇನಲ್ಲ. ಜಂಪರು ಹೊಲಿಯುವವಳಿಗೆ ಗೊತ್ತು, ಗಂಡನಿಗೆ ಗೊತ್ತು, ಆಗಾಗ ಒಳಗೆ ಮಲಗಿಸಿಕೊಂಡು ಫೋಟೊ ತೆಗೆಯುವ ಆಸ್ಪತ್ರೆಯ ಯಂತ್ರಕ್ಕೆ ಗೊತ್ತು. ಆದರೂ ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿರುವ ಈ ವಯಸ್ಸಿನಲ್ಲೂ ನನ್ನ ಹಿಂದೆ ಯಾರಾದರೂ ಬಂದು ನಿಂತರೆ ಕುತ್ತಿಗೆ ಬಿಸಿಯಾಗುತ್ತದೆ. ರೋಗ ಬಂದು ಹೋಗಿ ಮಾಡುತ್ತದೆ. ನಾಚಿಕೆ ಮಾತ್ರ ಬಂದ ಬೀಗರ ಹಾಗೆ ಕೂತುಬಿಟ್ಟಿದೆ, ಊರಿಗೆ ಹೊರಡುವ ಮಾತೇ ಎತ್ತುವುದಿಲ್ಲ. ಅದು ಮೊದಲು ಬಂದು ಕೂತದ್ದು ಕಟಕೋಳದ ನಮ್ಮ ಮನೆಯಲ್ಲಿ.

ಆ ಮನೆಯ ಪಡಸಾಲೆಯ ನಡುವೆ ಒಂದು ಸಾಗವಾನಿ ಕಂಬವಿತ್ತು. ಎದೆಮಟ್ಟದಲ್ಲಿ ಅದು ಜನರ ಅಂಗೈ ತಾಗಿ ತಾಗಿ ನುಣುಪಾಗಿತ್ತು. ಟೊಂಕ ಹಿಡಿದವರು ಆ ಕಂಬವನ್ನು ಹಿಡಿದು ಬಾಗಿ ನಿಲ್ಲಬೇಕು, ನಾನು ಹಿಂದಿನಿಂದ ಅವರ ಬೆನ್ನಿಗೆ ಎಡಗಾಲಿನಿಂದ ಒದೆಯಬೇಕು. ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಬಂದ ಕೂಸಿನ ಕಾಲಿಗೆ ಟೊಂಕ ಬಿಡಿಸುವ ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಹಾಗೆ ಹುಟ್ಟಿದವಳು. ಬೆಳಿಗ್ಗೆ ಹೊಟ್ಟೆಗೆ ಏನೂ ಬೀಳುವ ಮುಂಚೆ ಜನ ಬರುತ್ತಿದ್ದರು. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ತಂಬಿಗೆಯ ನೀರಿನಿಂದ ನನ್ನ ಪಾದ ತೊಳೆದು, ವಿಭೂತಿ ಹಚ್ಚಿ, ಕಂಬದ ಕಡೆ ನೂಕುತ್ತಿದ್ದಳು. ಮೂರು ಸಲ ಒದೆಸಿಕೊಂಡವರು ತಿರುಗಿ ನೋಡದೆ ಹೊಸ್ತಿಲು ದಾಟಬೇಕು. ನೋಡಿದರೆ ನೋವು ಅವರ ಜೊತೆಗೇ ವಾಪಸು ಹೊರಡುತ್ತದೆ. ಹಿರಿಯರಿಗೆ ಕಾಲು ತಾಗಿಸಿದ ಪಾಪ ನನಗೆ ತಟ್ಟಬಾರದೆಂದು, ಹಾಗೆ ಹೋಗುತ್ತಿರುವವರ ಬೆನ್ನಿಗೆ ನಾನು ಬಾಗಿ ನಮಸ್ಕಾರ ಮಾಡುತ್ತಿದ್ದೆ. ನನ್ನ ಬಾಲ್ಯದಲ್ಲಿ ಊರಿನ ಎಷ್ಟೋ ಜನರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ.

ದುಡ್ಡು ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಗುಣ ಹೋಗುತ್ತದೆ. ಆದರೆ ಸುಗ್ಗಿಯಲ್ಲಿ ಯಾರೋ ಎಳೆ ಜೋಳದ ಸೀತನಿ ತಂದಿಡುವರು, ಯಾರೋ ಹಸಿ ಶೇಂಗಾ, ಒಂದು ಅಚ್ಚು ಬೆಲ್ಲ. ರಾಮದುರ್ಗದ ಕಡೆಯಿಂದ ಬಂದ ದೊಡ್ಡ ಒಕ್ಕಲಿನವರೊಬ್ಬರು ನನಗೆ ರೇಶಿಮೆ ಅಂಚಿನ ಖಣವನ್ನೇ ಕೊಟ್ಟಿದ್ದರು. ಸಾಲೆಯ ಮಾಸ್ತರರಿಗೂ ಒಮ್ಮೆ ಟೊಂಕ ಹಿಡಿಯಿತು. ಹಿಂದಿನ ವಾರವಷ್ಟೇ ಅವರು ನನ್ನ ಅಂಗೈಗೆ ಬೆತ್ತದ ರುಚಿ ತೋರಿಸಿದ್ದರು. ನಾನು ಅವರಿಗೆ ಉಳಿದವರಿಗಿಂತ ಒಂದು ತೂಕ ಜಾಸ್ತಿಯೇ ಒದ್ದೆ, ಅವರಿಗೆ ಅವತ್ತೇ ಗುಣವಾಯಿತು. ಆಯಿ ಈ ಸಂಗತಿಯನ್ನು ಯರಗಟ್ಟಿಯ ಸಂತೆಯವರೆಗೆ ಮುಟ್ಟಿಸಿದಳು. ಚಿಕ್ಕ ಹುಡುಗಿಗೆ ಅಷ್ಟು ದೊಡ್ಡ ಮಾನ ಒಳ್ಳೆಯದಲ್ಲ. ಅಂಗಳದಲ್ಲಿ ಆಡುವಾಗಲೂ ನಾನು ಎಡಗಾಲನ್ನು ಸ್ವಲ್ಪ ಜೋಪಾನ ಮಾಡುತ್ತಿದ್ದೆ ಎಂದು ನೆನೆದರೆ ನಗು ಬರುತ್ತದೆ.

ಮನೆಯಲ್ಲಿ ಇದನ್ನು ಸಹಿಸದವಳು ಅವ್ವ ಒಬ್ಬಳೇ. ನನ್ನನ್ನು ಹೆರುವಾಗ ಅವಳು ಸಾವಿನ ಬಾಯಿಯಿಂದ ಈಚೆ ಬಂದಿದ್ದಳು. ಬೆಳಿಗ್ಗೆ ಬಾಗಿಲ ಮುಂದಿನ ಬಂಕದಲ್ಲಿ ಯಾರದಾದರೂ ನರಳಾಟ ಕೇಳಿಸಿತೆಂದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ಒಮ್ಮೆ ಮಾತು ಹೊರಗೇ ಬಂತು.

"ನಾ ಸತ್ತು ಬದುಕಿದ್ದು ಮಂದಿ ಟೊಂಕಕ್ಕ ಔಷಧ ಆತು ನೋಡ್ರಿ, ಅತ್ತಿ."

"ಕೊಟ್ಟಾಂವ ಶಿವ. ನಿನ್ನ ಹೊಟ್ಟಿ ಬರೇ ದಾರಿ," ಎಂದಳು ಆಯಿ.

ಅವತ್ತು ಅವ್ವ ಉಣ್ಣಲಿಲ್ಲ. ಆಯಿಯೂ ಹಟಕ್ಕೆ ಬಿದ್ದು ಉಣ್ಣಲಿಲ್ಲ. ಇಬ್ಬರ ನಡುವೆ ಅಪ್ಪ ಯಾವ ಪಕ್ಷವೂ ಅಲ್ಲದ ಹಾಗೆ ಝುಣಕ ರೊಟ್ಟಿ ಉಂಡು, ಕೈ ತೊಳೆದು, ಹೊಲದ ದಾರಿ ಹಿಡಿದ. ಅಪ್ಪನ ಜಾಣತನವೆಲ್ಲ ಹೊಲದ ದಾರಿ ಹಿಡಿಯುವುದರಲ್ಲಿತ್ತು.

ನೋವು ಮೊದಲು ಕಾಣಿಸಿಕೊಂಡದ್ದು ಬೆನ್ನಿನಲ್ಲಲ್ಲ. ಕೊರಳ ಕೆಳಗಿನ ಎಲುಬಿನ ಮೇಲೆ ಬಟಾಣಿಯಂಥ ಒಂದು ಬಾವು ಎದ್ದಿತು. ಆಯಿ ಅರಿಷಿಣ ಅರೆದು ಹಚ್ಚಿದಳು, ಕೆಲವು ದಿನಕ್ಕೆ ಇಳಿಯಿತು. ಆಮೇಲೆ ಮೊಣಕಾಲ ಕೆಳಗೆ, ಅದೂ ಇಳಿಯಿತು. ಬೆಳೆಯುವ ಹುಡುಗರಿಗೆ ಎಲುಬು ನೋಯುತ್ತವೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಬೆನ್ನಿಗೆ ಬಂದದ್ದು ಮಾತ್ರ ಇಳಿಯಲಿಲ್ಲ. ಎರಡು ರೆಕ್ಕೆಯೆಲುಬುಗಳ ನಡುವೆ, ಒಂದೇ ಜಾಗದಲ್ಲಿ, ಒಳಗೆ ಯಾರೋ ಕೆಂಡ ಇಟ್ಟು ಮರೆತಂತೆ ಅದು ಉರಿಯುತ್ತಿತ್ತು. ಎದ್ದ ಕೂಡಲೇ ಎಲ್ಲಕ್ಕಿಂತ ಹೆಚ್ಚು, ಅಂದರೆ ಜನ ಬಂದು ಕಂಬ ಹಿಡಿದು ನಿಲ್ಲುವ ಹೊತ್ತಿಗೆ ಸರಿಯಾಗಿ. ಎಡಗಾಲು ಎತ್ತಬೇಕಾದರೆ ಬಲಗಾಲ ಮೇಲೆ ನಿಲ್ಲಬೇಕಲ್ಲ, ಆಗ ಕಣ್ಣಲ್ಲಿ ನೀರು ಚಿಮ್ಮುತ್ತಿತ್ತು. ಒದೆಸಿಕೊಳ್ಳುವವರು ತಿರುಗಿ ನೋಡುವಂತಿರಲಿಲ್ಲ, ನಾನು ಬದುಕಿದೆ. ಆಯಿಯ ಕಣ್ಣು ನನ್ನ ಪಾದದ ಮೇಲೆ ಇರುತ್ತಿತ್ತೇ ಹೊರತು ಮುಖದ ಮೇಲಲ್ಲ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಏನೆಂದು ಹೇಳಬೇಕಿತ್ತು? ಊರವರ ಬೆನ್ನು ನೆಟ್ಟಗೆ ಮಾಡುವವಳ ಬೆನ್ನೇ ಹಿಡಿದಿದೆ ಎಂದೇ? ದೀಪದ ಬುಡಕ್ಕೇ ಕತ್ತಲೆ ಎಂದು ಜನ ಆಡಿಕೊಳ್ಳುವುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು. ಒಳಗೊಳಗೆ ಇನ್ನೂ ಕೆಟ್ಟ ಭಯವೊಂದಿತ್ತು. ಇಷ್ಟು ದಿನ ನಾನು ಬಿಡಿಸಿದ ನೋವೆಲ್ಲ ಎಲ್ಲಿಗೂ ಹೋಗಿಲ್ಲ, ನನ್ನ ಕಾಲಿನಿಂದ ಹತ್ತಿ ನನ್ನ ಬೆನ್ನಿಗೇ ಬಂದು ಕೂತಿದೆ. ಇದನ್ನು ಯಾರಿಗೆ ಹೇಳುವುದು? ಉಣ್ಣಲು ಸಾಲಾಗಿ ಕೂತಾಗ ಬಾಗಲಾರದೆ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಅಪ್ಪ ಇದ್ಯಾವ ಪದ್ಧತಿ ಎಂದು ಗದರಿದ. ಸ್ನಾನಕ್ಕೆ ಬಚ್ಚಲ ಬಾಗಿಲು ಹಾಕಿಕೊಳ್ಳತೊಡಗಿದೆ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ನಾಚಿಕೆ ಬಂದಿದೆ ಎಂದು ಅವ್ವ ಪಕ್ಕದ ಮನೆಯವರ ಮುಂದೆ ಹೇಳಿ ನಕ್ಕಳು. ನಾಚಿಕೆ ಬಂದದ್ದು ಖರೆಯೇ ಇತ್ತು.

ಪಂಚಮಿಗೆ ಸಿಕ್ಕಿಬಿದ್ದೆ. ನಮ್ಮ ಕಡೆ ಪಂಚಮಿಗೆ ಜೋಕಾಲಿ ಏರದ ಹುಡುಗಿ ಎಂದರೆ ಏನೋ ಆಗಿದೆ ಎಂದೇ ಅರ್ಥ. ನಾನು ಅಳ್ಳಿಟ್ಟಿನ ಉಂಡಿ ಕೈಯಲ್ಲಿ ಹಿಡಿದುಕೊಂಡು ಬೇವಿನ ಗಿಡಕ್ಕೆ ಒರಗಿ ನಿಂತೇ ಇದ್ದೆ. ಅವ್ವ ದೂರದಿಂದ ನೋಡಿದಳು. ಮರುದಿನ ನಾನು ಎರೆದುಕೊಳ್ಳುತ್ತಿದ್ದಾಗ ಬಚ್ಚಲ ಬಾಗಿಲು ನೂಕಿ ಒಳಗೆ ಬಂದಳು. ಹಬೆಯಲ್ಲಿ ನನ್ನ ಬೆನ್ನು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, ಆಯಿಯನ್ನು ಕರೆದಳು. ಆಯಿ ಬಂದು ಒದ್ದೆ ಬೆನ್ನಿನ ಮೇಲೆ ಬೆರಳು ಇಳಿಸಿದಳು. ಒಂದು ಮಣಿ ಉಳಿದವುಗಳ ಸಾಲು ಬಿಟ್ಟು ಹೊರಗೆ ಚಾಚಿತ್ತು. ಬೆರಳು ಅಲ್ಲಿ ನಿಂತಿತು.

"ಹೊರಗ ಯಾರೂ ಬಾಯಿ ಬಿಡಬ್ಯಾಡ್ರಿ," ಎಂದಳು.

ಅವಳ ಬಾಯಿಂದ ಬಂದ ಮೊದಲ ಮಾತು ಅದು. ನಾನು ಮೊಣಕಾಲು ತಬ್ಬಿಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತಿದ್ದೆ. ಆಯಿಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸರಿ ಎನ್ನಿಸಿತು.

ಅವ್ವ ದವಾಖಾನೆ ಎಂದಳು. ಆಯಿ ಒಪ್ಪಲಿಲ್ಲ. ತುಳಿಯುವವಳ ಟೊಂಕ ಹಿಡಿದರೆ ಅದನ್ನು ಇನ್ನೊಬ್ಬ ಕಾಲು ಮುಂದಾಗಿ ಹುಟ್ಟಿದವರೇ ತುಳಿದು ಬಿಡಿಸಬೇಕು ಎನ್ನುವುದು ಅವಳ ವಾದ. ಸವದತ್ತಿಯ ಆಚೆ ಒಂದು ಹಳ್ಳಿಯಲ್ಲಿ ಫಕೀರಪ್ಪ ಎಂಬ ಅಂಥ ಒಬ್ಬ ಒಕ್ಕಲಿಗ ಇದ್ದಾನೆಂದು ಅವಳಿಗೆ ಗೊತ್ತಿತ್ತು. ಊರಿಗೆ ಅನುಮಾನ ಬರಬಾರದೆಂದು ಹೋರಿ ನೋಡುವ ನೆಪದಲ್ಲಿ ಅವನನ್ನು ಕರೆಸಿದರು. ಐವತ್ತು ದಾಟಿದ, ಬಾಗಿಲಿಗೆ ತಲೆ ತಗ್ಗಿಸಿ ಬರುವ ಎತ್ತರದ ಮನುಷ್ಯ. ಉಪಕಾರಕ್ಕೆ ಬಂದವನಾದರೂ ತಪ್ಪು ಮಾಡಿದವನ ಹಾಗೆ ಮುದುಡಿ ಕೂತು ನಮ್ಮ ಮನೆಯ ಹೋಳಿಗೆ ಉಂಡ. ಬೆಳಿಗ್ಗೆ ಪಡಸಾಲೆ ಬೇಡ, ಯಾರಾದರೂ ಬಂದಾರು ಎಂದು ಅಡುಗೆಮನೆಯಲ್ಲಿ ಬಾಗಿಲು ಹಾಕಿದರು. ನಾನು ಕಾಳಿನ ಹರವಿಯನ್ನು ಹಿಡಿದು ಬಾಗಿದೆ. ಅಷ್ಟು ಬಾಗುವುದಕ್ಕೇ ಜೀವ ಬಾಯಿಗೆ ಬಂದಿತ್ತು.

"ಹುಡುಗಿ ಭಾಳ ಸಣ್ಣದೈತ್ರಿ. ನನ್ನ ಕಾಲು ಜಡ," ಎಂದು ಫಕೀರಪ್ಪ ಹಿಂಜರಿದ.

"ಬರೇ ಮುಟ್ಟಸ್ರಿ, ಯಪ್ಪಾ. ಮುಟ್ಟಿಸಿದ್ರ ಸಾಕು," ಎಂದಳು ಆಯಿ.

ಅವನು ಮುಟ್ಟಿಸಿದನಷ್ಟೇ. ಹೂವು ಇಟ್ಟ ಹಾಗೆ ಮುಟ್ಟಿಸಿದ, ಇವತ್ತಿಗೂ ಅವನ ಮೇಲೆ ನನಗೆ ದೂರಿಲ್ಲ. ಆದರೆ ಒಳಗೆ ಏನೋ ಜರುಗಿತು. ಕಾಲುಗಳು ನನ್ನವಲ್ಲ ಎನ್ನುವಂತೆ ಮಡಚಿಕೊಂಡವು, ನಾನು ಒಲೆಯ ಮುಂದೆ ಕುಸಿದೆ. ತೊಡೆಯ ಕೆಳಗೆ ನೆಲ ಒದ್ದೆಯಾಗುತ್ತಿರುವುದು ಕಣ್ಣಿಗೆ ಕಂಡಿತು, ಮೈಗೆ ಗೊತ್ತಾಗಲಿಲ್ಲ. ಸ್ನಾನ ಮಾಡದೆ ಯಾರೂ ಕಾಲಿಡದ ಅಡುಗೆಮನೆ ಅದು. ಆ ನೀರು ಸಾರಿಸಿದ ನೆಲದ ಮೇಲೆ ಹರಿದು ಅವ್ವ ಹಿಟ್ಟು ನಾದುವ ಕೊಣಮಿಗೆಯ ಕಡೆ ಹೋಗುತ್ತಿತ್ತು. ಕಾಲು ಸತ್ತಿವೆ ಎಂಬ ಹೆದರಿಕೆಗಿಂತ ಮೊದಲು, ಆ ಕೊಣಮಿಗೆಯನ್ನು ಯಾರಾದರೂ ಸರಿಸಬಾರದೆ ಎಂದು ನನಗನ್ನಿಸಿತು. ಅಪ್ಪ ನನ್ನನ್ನು ಎತ್ತಿಕೊಂಡು ಪಡಸಾಲೆಗೆ ಬಂದ. ಅಲ್ಲಿ ಮಾಸ್ತರರು ಕಂಬ ಹಿಡಿದು, ಬಾಗಿ, ನನಗಾಗಿ ಕಾಯುತ್ತಾ ನಿಂತಿದ್ದರು. ಅವರಿಗೆ ಮತ್ತೆ ಟೊಂಕ ಹಿಡಿದಿತ್ತು. ತಿರುಗಿ ನೋಡಬಾರದಿತ್ತು, ಅವ್ವನ ಅಳು ಕೇಳಿ ತಿರುಗಿ ನೋಡಿದರು. ನನ್ನ ಲಂಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಕಣ್ಣು ಕೆಳಗೆ ಹಾಕಿದರು. ಮುಂದೆ ಸಾಲೆಯಲ್ಲಿ ಅವರು ಎಂದೂ ಅದರ ಬಗ್ಗೆ ಕೇಳಲಿಲ್ಲ, ಬೆತ್ತವನ್ನೂ ಎತ್ತಲಿಲ್ಲ. ಎರಡು ಏಟು ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮೊದಲು ಬೈಲಹೊಂಗಲ, ಅಲ್ಲಿಂದ ಬೆಳಗಾವಿಯ ಒಂದು ದೊಡ್ಡ ದವಾಖಾನೆ. ಬೆನ್ನಿನ ಮಣಿಗೆ ಕ್ಷಯ ತಗುಲಿದೆ ಎಂದು ಮೊದಲು ಹೇಳಿದರು. ಮಣಿ ಕುಸಿದಿದ್ದರೆ ನಮ್ಮ ದೇಶದಲ್ಲಿ ಮೊದಲು ಅದನ್ನೇ ನೆನೆಯಬೇಕಂತೆ. ಕಾಲಿಗೆ ನಿಧಾನವಾಗಿ ಜೀವ ಬಂತು, ನನ್ನನ್ನು ಮಾತ್ರೆಗಳ ಜೊತೆ ಮನೆಗೆ ಕಳಿಸಿದರು. ಮನೆಯಲ್ಲಿ ನನ್ನ ತಾಟು, ತಂಬಿಗೆ ಬೇರೆಯಾದವು. ಅವ್ವ ರೊಟ್ಟಿಯನ್ನು ಮೇಲಿನಿಂದ ಹಾಕುವಾಗ ಬೇರೆ ಕಡೆ ನೋಡುತ್ತಿದ್ದಳು. ಮಾತ್ರೆ ನುಂಗಿಯೂ ಉರಿ ತಗ್ಗಲಿಲ್ಲ. ತಿರುಗಿ ಹೋದಾಗ ಎಲುಬಿನ ಚೂರು ತೆಗೆದು ನೋಡಿದರು, ಅದರಲ್ಲಿ ಯಾವ ಹುಳವೂ ಸಿಗಲಿಲ್ಲ. ಕ್ಯಾನ್ಸರೂ ಅಲ್ಲ. ಆಗ ಒಬ್ಬ ಡಾಕ್ಟರಬಾಯಿ ಇಡೀ ಮೈಯ ಚಿತ್ರ ತೆಗೆಸಿದರು. ಕೊರಳ ಕೆಳಗೆ ಎದ್ದಿದ್ದ ಬಾವು, ಕಾಲಿನ ನೋವು, ಬೆನ್ನಿನ ಎರಡು ಮಣಿ, ಎಲ್ಲ ಒಂದೇ ರೋಗದ ಮಕ್ಕಳೆಂದು ಗೊತ್ತಾಯಿತು. ಅದರ ಹೆಸರು ಅಪ್ಪನ ಬಾಯಲ್ಲಿ ಎಂದೂ ಹಿಡಿಸಲಿಲ್ಲ: ಕ್ರಾನಿಕ್ ರಿಕರೆಂಟ್ ಮಲ್ಟಿಫೋಕಲ್ ಆಸ್ಟಿಯೊಮೈಲೈಟಿಸ್. ಮಕ್ಕಳಿಗೆ ಬರುವ, ಬಲು ಅಪರೂಪದ, ಎಲುಬಿನ ಉರಿಯೂತ. ಡಾಕ್ಟರಬಾಯಿ ನನ್ನ ಹಾಸಿಗೆಯ ಅಂಚಿಗೆ ಕೂತು ಹೇಳಿದ್ದು ಮಾತ್ರ ನನಗೆ ತಿಳಿಯಿತು.

"ಇದರಾಗ ಹುಳ ಇಲ್ಲ, ನೀಲಾ. ಯಾರಿಗೂ ಅಂಟೂದಿಲ್ಲ. ನಿನ್ನ ಮೈಯಾಗಿನ ಕಾವಲುಗಾರರು ಕಳ್ಳ ಬಂದಾನಂತ ತಿಳದು ನಿನ್ನ ಎಲಬಿಗೇ ಹೊಡ್ಯಾಕ ಹತ್ಯಾರ. ಔಷಧಕ್ಕ ಸುಮ್ಮನಾಗತಾರ. ಆದರ ಮತ್ತ ಎದ್ದಾರು. ನೋವು ತಿರುಗಿ ಬಂತಂದ್ರ ನೀ ಅವತ್ತ ಹೇಳಬೇಕು. ಮುಚ್ಚಿಟ್ಟು ಇನ್ನೊಂದು ಮಣಿ ಕುಸದ್ರ, ಕಾಲು ಮತ್ತ ಬರ್ತಾವಂತ ನಾ ಮಾತು ಕೊಡೂದಿಲ್ಲ."

ಎಷ್ಟು ದಿನದಿಂದ ನೋವಿತ್ತು, ಬೆನ್ನಿಗೆ ಏಟು ಬಿದ್ದಿತ್ತೇ ಎಂದು ಅವರು ಕೇಳಿದ್ದಕ್ಕೆ ಆಯಿ ನನಗಿಂತ ಮುಂಚೆ ಬಾಯಿ ಹಾಕಿ, ಮೊನ್ನೆ ಮೊನ್ನೆ ಅಟ್ಟದಿಂದ ಬಿದ್ದಳು ಎಂದುಬಿಟ್ಟಳು. ಆಮೇಲೆ ಅವ್ವ ಒಬ್ಬಳೇ ಹೋಗಿ ನಿಜ ಹೇಳಿ ಬಂದಳು. ಮಣಿ ಅದಕ್ಕೂ ಮೊದಲೇ ಚಪ್ಪಟೆಯಾಗಿತ್ತು, ಒಂದು ಕೆಮ್ಮಿಗೂ ಹೀಗಾಗಬಹುದಿತ್ತು ಎಂದು ಡಾಕ್ಟರಬಾಯಿ ಹೇಳಿದರಂತೆ. ಆಯಿ ಅದನ್ನು ನಂಬಲಿಲ್ಲ. ಊರಿನಲ್ಲೂ ಅಟ್ಟದ ಕಥೆಯನ್ನೇ ಹರಡಿದಳು. ಟೊಂಕ ಹಿಡಿದು ಬಂದವರಿಗೆ, ಹುಡುಗಿ ನೆಟ್ಟಗಾಗಲಿ, ಆಮೇಲೆ ಬರ್ರಿ ಎಂದು ಹೇಳಿ ಕಳಿಸುತ್ತಿದ್ದಳು. ಸಲಾಯಿನ್ ಬಾಟಲಿಯಲ್ಲಿ ಏರಿಸುವ ಔಷಧಕ್ಕೆಂದು ನಾವು ಆಗಾಗ ಬೆಳಗಾವಿಗೆ ಹೋಗಿ ಬರುತ್ತಿದ್ದೆವು. ಬೆನ್ನಿಗೆ ಕಟ್ಟಿದ ಗಟ್ಟಿ ಪಟ್ಟಿಯ ಮೇಲೆ ಆಯಿ ನನಗೆ ಅವ್ವನ ದೊಡ್ಡ ಜಂಪರು ತೊಡಿಸುತ್ತಿದ್ದಳು, ಕಾಣಬಾರದೆಂದು. ಉರಿ ಇಳಿಯಿತು. ಪಟ್ಟಿ ಬಿಚ್ಚಿದರು. ಆಯಿ ನನ್ನನ್ನು ಗುಡಿಗೆ ನಡೆಸಿಕೊಂಡು ಹೋಗಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ನನ್ನ ನೆಟ್ಟನೆಯ ನಡಿಗೆ ತೋರಿಸಿದಳು. ಎಷ್ಟೋ ದಿನಗಳಿಂದ ಒಂದೇ ಹೊತ್ತು ಉಣ್ಣುತ್ತಿದ್ದವಳು ಅವತ್ತು ಎರಡನೆಯ ರೊಟ್ಟಿಗೆ ಕೈ ಚಾಚಿದಳು.

ಅದಾದ ಮೇಲೆ ನೋವು ತಿರುಗಿ ಬಂತು. ಈ ಸಲ ಮೊದಲಿನ ಜಾಗದಿಂದ ಸ್ವಲ್ಪ ಕೆಳಗೆ. ಅದರ ಗುರುತು ನನಗೆ ಚೆನ್ನಾಗಿ ಹತ್ತಿತ್ತು, ಬೇರೆ ನೋವು ಎಂದು ನನ್ನನ್ನು ನಾನೇ ನಂಬಿಸಲಾರದಷ್ಟು. ಡಾಕ್ಟರಬಾಯಿಯ ಮಾತು ಒಂದಕ್ಷರ ಮರೆತಿರಲಿಲ್ಲ. ಆದರೂ ಹೇಳಲಿಲ್ಲ. ಕಾಲು ಹೋಗುತ್ತದೆ ಎಂಬ ಭಯ ಒಂದು ಕಡೆ, ಎರಡನೆಯ ರೊಟ್ಟಿಗೆ ಚಾಚಿದ ಆ ಕೈ ಇನ್ನೊಂದು ಕಡೆ. ನಾಚಿಕೆ ಎಂಥ ಬಲವಾದದ್ದು ಎಂದು ನನಗೆ ತಿಳಿದದ್ದು ಆಗ. ದಿನವೂ ಎದ್ದು ಬೆರಳುಗಳನ್ನು ಮಡಚಿ ಬಿಚ್ಚಿ, ಕಾಲು ಇನ್ನೂ ಇವೆ, ಇವತ್ತೊಂದು ದಿನ ಸುಮ್ಮನಿರೋಣ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಆಯಿ ಮತ್ತು ನಾನು ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದೆವು. ಅವ್ವ ಒಳಗೆ ಹಿಟ್ಟು ಸಾಣಿಸುತ್ತಿದ್ದಳು. ಆಯಿ ಮೊರ ತರಲೆಂದು ಏಳಹೋದವಳು ಅರ್ಧಕ್ಕೇ ನಿಂತಳು. ಒಂದು ಕೈ ನೆಲಕ್ಕೆ, ಒಂದು ಕೈ ಟೊಂಕಕ್ಕೆ. ಹಲ್ಲು ಕಚ್ಚಿ, ಮೂಗಿನಿಂದ ಉಸಿರು ಬಿಡುತ್ತಾ, ಸಪ್ಪಳ ಮಾಡದೆ ಮೇಲೆದ್ದಳು. ನನಗೆ ಆ ಏಳುವ ಬಗೆ ಗೊತ್ತಿತ್ತು. ನಾನು ದಿನವೂ ಹಾಗೆಯೇ ಏಳುತ್ತಿದ್ದೆ. ಎಷ್ಟು ದಿನದಿಂದ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಬಿಡಲಿಲ್ಲ. ನಿನ್ನ ಅಪ್ಪನನ್ನು ಹಡೆದಾಗಿನಿಂದ ಎಂದಳು. ಊರಿಗೂರೇ ನನ್ನ ಮುಂದೆ ಬಾಗಿ ನಿಂತಿತ್ತು, ಆಯಿ ಮಾತ್ರ ಒಂದು ದಿನವೂ ಆ ಕಂಬ ಹಿಡಿದಿರಲಿಲ್ಲ.

"ಮತ್ತ ನನ್ನ ಕಡೆ ಯಾಕ ತುಳಿಸಿಕೊಳ್ಳಲಿಲ್ಲ, ಆಯಿ?"

ಅವಳು ಮೊರ ಕೆಳಗಿಟ್ಟು, ಶೇಂಗಾದ ರಾಶಿಯ ಮುಂದೆ ಮೆಲ್ಲಗೆ ಕೂತಳು. ನನ್ನ ಮುಖ ನೋಡಲಿಲ್ಲ.

"ನೀ ತುಳದ ಮ್ಯಾಲೂ ಹೋಗಲಿಲ್ಲಂದ್ರ? ಮಂದಿಗೆ ಏನಂತ ಹೇಳೂದಿತ್ತು?"

ಒಂದೇ ಮನೆಯಲ್ಲಿ, ಒಂದೇ ಕೌದಿಯಲ್ಲಿ ಮಲಗುತ್ತಾ, ನಾವಿಬ್ಬರೂ ಒಂದೇ ಮಾತನ್ನು ಬಚ್ಚಿಟ್ಟುಕೊಂಡಿದ್ದೆವು. ನನಗೆ ಅಳು ಬಂತು. ನನ್ನದೂ ಮತ್ತೆ ಚಾಲೂ ಆಗಿದೆ ಎಂದು ಶೇಂಗಾ ಸಿಪ್ಪೆಗೆ ಹೇಳುವ ಹಾಗೆ ತಲೆ ತಗ್ಗಿಸಿ ಹೇಳಿದೆ. ಆಯಿ ಬೈಯುತ್ತಾಳೆ, ಹಣೆ ಬಡಿದುಕೊಳ್ಳುತ್ತಾಳೆ, ಇಲ್ಲವೇ ಬೀದಿಯ ಬಾಗಿಲು ಹಾಕಿ ಬಾ ಎನ್ನುತ್ತಾಳೆ ಎಂದು ಕಾದೆ.

"ಎಲ್ಲಿ?" ಎಂದಳು.

ನಾನು ಅವಳ ಕೈ ಹಿಡಿದು ಜಂಪರಿನ ಒಳಗೆ, ಆ ಜಾಗಕ್ಕೆ ಇಟ್ಟೆ. ಅವಳ ಅಂಗೈ ಒರಟಾಗಿತ್ತು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದಳು. ಆಮೇಲೆ ಕೂತಲ್ಲಿಂದಲೇ ಅಡುಗೆಮನೆಯ ಕಡೆ ಮುಖ ಮಾಡಿ ಅವ್ವನನ್ನು ಕೂಗಿದಳು. ಹುಡುಗಿಯ ಬೆನ್ನು ಮತ್ತ ನೋಯಾಕ ಹತ್ತೇತಿ, ನನ್ನ ಟೊಂಕಾನೂ ಹೋಗೇತಿ, ನಾಳೆ ಬೆಳಗಾವಿಗೆ ಮೂವರೂ ಹೋಗೂಣು ಎಂದು ಕೂಗಿದಳು. ಹಿಟ್ಟಿನ ಕೈಯಲ್ಲೇ ಅವ್ವ ಓಡಿ ಬಂದಳು. ಬೀದಿಯ ಬಾಗಿಲು ಪೂರ್ತಿ ತೆರೆದಿತ್ತು. ಬಂಕದ ಮುಂದೆ ನೀರಿನ ಕೊಡ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಒಳಗೆ ನೋಡಿದರು. ನನ್ನ ಮುಖಕ್ಕೆ ಬಿಸಿ ಏರಿತು, ಮೆಲ್ಲಗೆ ಎಂದು ಆಯಿಯ ಸೆರಗು ಜಗ್ಗಿದೆ. ಆಯಿ ದನಿ ತಗ್ಗಿಸಲಿಲ್ಲ.